ಮೂಗಿಗಿಂತ ಮೂಗುತಿ ಭಾರ!

ಹಳೆಯ ಕಾರುಗಳ ಜಾಹೀರಾತು ನೋಡಿ. ಹತ್ತು ವರ್ಷ ಓಡಿದ ಜರ್ಮನ್ ಲಕ್ಸುರಿ ಕಾರು ಹೊಸ ಹ್ಯಾಚ್‌ಬ್ಯಾಕ್‌ನ ಬೆಲೆಗೇ ಸಿಗುತ್ತದೆ. ಮೊದಲ ಸಂಬಳದ ಕನಸಿನಲ್ಲೇ ಇಎಂಐ ಲೆಕ್ಕ ಹಾಕುವ ನಮ್ಮಂಥವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ.

ಬಿಎಂಡಬ್ಲ್ಯು 2007ರಲ್ಲಿ ತಂದ ಎನ್47 ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರ್ಯಾಂಕ್‌ಶಾಫ್ಟನ್ನೂ ಕ್ಯಾಮ್‌ಶಾಫ್ಟನ್ನೂ ಹೊಂದಿಸಿ ತಿರುಗಿಸುವ ಟೈಮಿಂಗ್ ಚೈನ್, ಎಂಜಿನ್ ಬಾಳುವಷ್ಟು ಕಾಲ ಬಾಳಬೇಕು. ಆದರೆ ಆರಂಭದ ವರ್ಷಗಳ ಎಂಜಿನ್‌ಗಳಲ್ಲಿ ಅದು ಬೇಗನೆ ಸವೆದು ತುಂಡಾಗುತ್ತಿದೆ ಎಂಬ ದೂರುಗಳು ಬ್ರಿಟನ್ ಮೊದಲಾದ ಕಡೆ ಕೇಳಿಬಂದವು. ಚೈನ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಅದೂ ಸಾಲದೆಂಬಂತೆ ಈ ಚೈನ್ ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆಗೆ. ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಚೈನಿಗಿಂತ ಕೂಲಿಯೇ ದುಬಾರಿ!

ಏರ್ ಸಸ್ಪೆನ್ಷನ್ ಕಥೆಯೂ ಇಂಥದ್ದೇ. ಮರ್ಸಿಡಿಸ್ ಎಸ್-ಕ್ಲಾಸ್‌ನಂಥ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ರಬ್ಬರ್ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ. ಒತ್ತಡ ಉಳಿಸಿಕೊಳ್ಳಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಕೊನೆಗೆ ಅದೂ ಕೈಕೊಡುತ್ತದೆ. ಬಿರುಕು ಒಂದು, ಬಿಲ್ ಎರಡು.

ಊರಿನ ಗ್ಯಾರೇಜಿನಲ್ಲಿ ಅಗ್ಗಕ್ಕೆ ಮಾಡಿಸೋಣವೆಂದರೆ, ದೋಷ ಪತ್ತೆಹಚ್ಚುವ ಸಾಫ್ಟ್‌ವೇರ್ ಮತ್ತು ಅಸಲಿ ಬಿಡಿಭಾಗ ಅಲ್ಲಿಗೆ ಸುಲಭವಾಗಿ ಸಿಗುವುದಿಲ್ಲ. ಇದು ಬರೀ ಶ್ರೀಮಂತರ ಗೋಳಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಪಟ್ಟಿಯಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್ ಜತೆಗೆ ಮಾರುತಿ, ಟಾಟಾ, ಮಹೀಂದ್ರವೂ ಇದ್ದವು. ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳು ಸ್ವತಂತ್ರ ಗ್ಯಾರೇಜ್‌ಗಳಿಗೂ ಸಿಗಬೇಕೆಂದು ಆಯೋಗ ಹೇಳಿತು. ಕಂಪನಿಗಳು ಕಾನೂನು ಹೋರಾಟಕ್ಕಿಳಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಆದರೆ ಮಾಹಿತಿ ಕೊಡುವ ಪೋರ್ಟಲ್ ಬೇರೆ, ಕಡ್ಡಾಯ ಮಾಡುವ ಕಾನೂನು ಬೇರೆ. ನಮಗೆ ಬೇಕಿರುವುದು ಎರಡನೆಯದು.

ಇದರಲ್ಲಿ ನಮ್ಮ ಉದ್ಯೋಗದ ಪ್ರಶ್ನೆಯೂ ಇದೆ. ಐಟಿಐ, ಡಿಪ್ಲೊಮಾ ಮುಗಿಸಿ ಸ್ವಂತ ಗ್ಯಾರೇಜ್ ತೆರೆಯಬೇಕೆನ್ನುವ ಯುವಕನಿಗೆ ಕೈಯಲ್ಲಿ ಕೌಶಲವಿದ್ದೂ ಕಾರಿನ ಕಂಪ್ಯೂಟರಿಗೆ ಪ್ರವೇಶವಿಲ್ಲದಿದ್ದರೆ ಪ್ರಯೋಜನವೇನು?

ಎಂಜಿನಿಯರಿಂಗ್ ಓದುತ್ತಿರುವ ನಮಗೂ ಇದರಲ್ಲೊಂದು ಪಾಠವಿದೆ. ಬಿಡಿಭಾಗ ವಿನ್ಯಾಸ ಮಾಡುವಾಗ ಬಲ, ತೂಕ, ವೆಚ್ಚವನ್ನು ಲೆಕ್ಕ ಹಾಕುತ್ತೇವೆ. ಕೆಟ್ಟಾಗ ಅದನ್ನು ಬಿಚ್ಚಲು ಎಷ್ಟು ಗಂಟೆ ಬೇಕು ಎಂಬುದೂ ಆ ಲೆಕ್ಕಕ್ಕೆ ಸೇರಲಿ. ಕಾರು ಕೊಳ್ಳುವವರೂ ಮೈಲೇಜ್ ಕೇಳುವ ಮೊದಲು ಇದನ್ನೇ ಕೇಳಲಿ.