ದಾವಣಗೆರೆಯಿಂದ ಮನೆಗೆ ಬಂದ ಮೇಲೆ

ಹರಪನಹಳ್ಳಿ ಸೀಮೆಯಲ್ಲಿ ಪಾರ್ಶ್ವವಾಯು ಎಂದರೆ ಯಾರಿಗೂ ಥಟ್ಟನೆ ತಿಳಿಯದು, ಲಕ್ವ ಎನ್ನಬೇಕು. 'ಅಪ್ಪಗ ಲಕ್ವ ಹೊಡದೈತಿ' ಎಂದರೆ ಕೇಳಿದವರು ದಾವಣಗೆರೆ ಬಸ್ಸು ತೋರಿಸುತ್ತಾರೆ, ಇಲ್ಲವೇ ನಾಟಿ ಔಷಧಿ ಕೊಡುವ ಯಾವುದೋ ಊರಿನ ಹೆಸರು ಹೇಳುತ್ತಾರೆ. ಪಾರಿವಾಳದ ರಕ್ತ ಸವರಿದರೆ ವಾಸಿ ಎಂಬ ನಂಬಿಕೆಯೂ ಇನ್ನೂ ಸತ್ತಿಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡ ಪ್ರಕರಣಗಳಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗಬೇಕಾದದ್ದು ನಾಲ್ಕೂವರೆ ಗಂಟೆಯೊಳಗೆ. 108ಕ್ಕೆ ಫೋನ್ ಮಾಡುವುದೋ, ಔಷಧಿಯವರ ಮನೆ ಹುಡುಕುವುದೋ ಎಂಬ ಚರ್ಚೆಯಲ್ಲೇ ಆ ಹೊತ್ತು ಕಳೆದುಹೋಗುತ್ತದೆ.

ಈ ಮಾತು ಈಗೀಗ ಜಾಗೃತಿ ಫಲಕಗಳಲ್ಲೂ ಕಾಣುತ್ತದೆ, ಒಳ್ಳೆಯದೇ. ಯಾವ ಫಲಕದಲ್ಲೂ ಇಲ್ಲದ್ದು, ಜೀವ ಉಳಿಸಿಕೊಂಡು ಮನೆಗೆ ಬಂದವರ ಮುಂದಿನ ಆರು ತಿಂಗಳು.

ಡಿಸ್ಚಾರ್ಜ್ ಕಾಗದದ ಕೊನೆಯಲ್ಲಿ ಗುಳಿಗೆಗಳ ಪಟ್ಟಿಯ ಕೆಳಗೆ ಒಂದು ಸಾಲು: ಫಿಸಿಯೊಥೆರಪಿ ಮಾಡಿಸಿ. ಎಲ್ಲಿ, ಯಾರಿಂದ, ಎಷ್ಟು ದಿನ? ಮನೆಯವರು ಅದನ್ನು ತಮಗೆ ತಿಳಿದಂತೆ ಅರ್ಥಮಾಡಿಕೊಂಡು ಎಣ್ಣೆ ಕಾಯಿಸಿ ತಿಕ್ಕಲು ಕೂರುತ್ತಾರೆ. ತಿಕ್ಕುವುದರಲ್ಲಿ ಪ್ರೀತಿ ಇದೆ. ಮಿದುಳಿಗೆ ಪಾಠ ಮಾತ್ರ ಇಲ್ಲ. ಸತ್ತ ನರಕೋಶ ಮರಳಿ ಹುಟ್ಟದು. ಉಳಿದವು ಹೊಸ ದಾರಿ ಕಂಡುಕೊಂಡು ಹಳೆಯ ಕೆಲಸ ಕಲಿಯಬೇಕಾದರೆ ರೋಗಿಯೇ ಆ ಕೆಲಸಕ್ಕೆ ಕೈ ಹಾಕಬೇಕು, ದಿನಕ್ಕೆ ನೂರಾರು ಸಲ. ಚೇತರಿಕೆಯ ದೊಡ್ಡ ಪಾಲು ಬರುವುದು ಮೊದಲ ಮೂರು ತಿಂಗಳಲ್ಲಿ. ನಮ್ಮಲ್ಲಿ ಆ ಮೂರು ತಿಂಗಳು ಹೊರಸಿನ ಮೇಲೆಯೇ ಕಳೆಯುತ್ತವೆ.

ಹಾನಿಯಾಗುವುದೂ ಅಕ್ಕರೆಯಿಂದಲೇ. ಏಳಿಸುವಾಗ ಸ್ವಾಧೀನ ತಪ್ಪಿದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಸ್ನಾಯುಗಳ ಬಿಗಿಯಿಲ್ಲದ ಭುಜ ಕೀಲಿನಿಂದ ಜಾರುತ್ತದೆ, ಆ ನೋವಿಗೆ ಹೆದರಿ ರೋಗಿ ಮತ್ತೆ ಕೈ ಎತ್ತುವುದಿಲ್ಲ. ನುಂಗಲು ಬರುತ್ತದೆಯೇ ಎಂದು ನೋಡದೆ ಮಲಗಿಸಿಯೇ ನೀರು ಕುಡಿಸುತ್ತಾರೆ, ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪಾದ ಕೆಳಕ್ಕೆ ಬಾಗಿ ಗಟ್ಟಿಯಾದರೆ ಕಾಲಿಗೆ ಶಕ್ತಿ ಬಂದರೂ ಹೆಜ್ಜೆ ಎಡವುತ್ತದೆ.

ಹಾಗಾದರೆ ಮನೆಯವರಿಗೇ ಕಲಿಸಿದರಾಯಿತಲ್ಲ? ಈ ಅಗ್ಗದ ದಾರಿಯನ್ನು ಭಾರತದಲ್ಲೇ ಪರೀಕ್ಷಿಸಿ ನೋಡಿದ್ದಾಗಿದೆ. 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ 'ಅಟೆಂಡ್' ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಸತ್ತವರು ಮತ್ತು ಪರಾವಲಂಬಿಯಾಗಿ ಉಳಿದವರು ಸೇರಿ, ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲಿ 47%. ಕೊಡದ ಗುಂಪಿನಲ್ಲೂ 47%. ಭಾರವನ್ನು ಸೊಸೆಯ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳಲು ಸರ್ಕಾರಕ್ಕೆ ಇನ್ನು ನೆಪವಿಲ್ಲ.

ಹರಪನಹಳ್ಳಿಯದು ಜಿಲ್ಲೆ ಬದಲಿಸಿಯೇ ದಣಿದ ತಾಲ್ಲೂಕು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ರೋಗಿಯ ದಾರಿ ಬದಲಾಗಿಲ್ಲ: ಜಿಲ್ಲಾಕೇಂದ್ರ ಹೊಸಪೇಟೆ ದೂರ, ದಾವಣಗೆರೆ ಹತ್ತಿರ. ಅಲ್ಲಿನ ಜಿಲ್ಲಾಸ್ಪತ್ರೆಯ ಹೆಸರೂ ಚಿಗಟೇರಿ, ನಮ್ಮದೇ ತಾಲ್ಲೂಕಿನ ಊರಿನ ಹೆಸರು! ಆದರೆ ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆಂದು ದಾವಣಗೆರೆ ಹಾಗಿರಲಿ, ತಾಂಡಾದಿಂದ ತಾಲ್ಲೂಕು ಆಸ್ಪತ್ರೆಗೂ ಬರುವುದಾಗದು. ರೋಗಿಯ ಜೊತೆ ಬರುವವರ ಕೂಲಿಯೂ ಹೋಗುತ್ತದೆ, ಆಟೊ ಬಾಡಿಗೆ ಬೇರೆ.

ಬರಬೇಕಾದದ್ದು ಫಿಸಿಯೊಥೆರಪಿಸ್ಟ್. ಅವರ ಕೈಕೆಳಗೆ ದುಡಿಯಬಲ್ಲವರು ಈಗಾಗಲೇ ಇದ್ದಾರೆ: ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಹೆಸರಲ್ಲೇ ಪುನರ್ವಸತಿ ಇದೆ. ಇವರೂ ಅಂಗವಿಕಲರೇ, ಊರುಗೋಲಿನ ಮರ್ಮ ಬಲ್ಲವರು. ಆದರೆ ಇವರನ್ನು ಅರ್ಜಿ, ಪಿಂಚಣಿ, ಗುರುತಿನ ಚೀಟಿಗಷ್ಟೇ ಬಳಸುತ್ತೇವೆ. ಇವರೂ ಮನೆಯವರಂತೆಯೇ ಅಲ್ಪ ತರಬೇತಿಯವರಲ್ಲವೇ ಎಂಬ ಆಕ್ಷೇಪ ಸರಿ. ಅದಕ್ಕೇ ಹೋಬಳಿಗೊಬ್ಬ ಫಿಸಿಯೊಥೆರಪಿಸ್ಟ್ ಹದಿನೈದು ದಿನಕ್ಕೊಮ್ಮೆ ಮನೆಬಾಗಿಲಿಗೆ ಬಂದು ವ್ಯಾಯಾಮ ಬದಲಿಸಬೇಕು. ನಡುವಿನ ದಿನಗಳ ಅಭ್ಯಾಸ ನೋಡಿಕೊಳ್ಳಲು ಕಾರ್ಯಕರ್ತರು ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆ ಸಮುದಾಯ ಭವನಕ್ಕೆ ಅರ್ಜಿ ಹಿಡಿದು ನಿಲ್ಲುವ ಜನಪ್ರತಿನಿಧಿಗಳು ಈ ಫಿಸಿಯೊಥೆರಪಿಸ್ಟರ ಸಂಬಳಕ್ಕೂ ಒಮ್ಮೆ ಕೇಳಲಿ.

ದುಬಾರಿ ಯಂತ್ರಗಳೇನೂ ಬೇಡ. ರೊಟ್ಟಿ ಬಡಿಯುವುದು, ಚರಿಗೆ ಎತ್ತುವುದು, ಕುಕ್ಕುರುಗಾಲಲ್ಲಿ ಕೂತು ಏಳುವುದು ಇವೇ ವ್ಯಾಯಾಮ. ಹಡಗಲಿಯ ಹೆಂಗಸಿಗೆ ಮಲ್ಲಿಗೆ ಕಟ್ಟುವುದಕ್ಕಿಂತ ಒಳ್ಳೆಯ ಬೆರಳಿನ ಅಭ್ಯಾಸ ಯಾವ ಪುಸ್ತಕದಲ್ಲಿದೆ? ಎಷ್ಟು, ಯಾವಾಗ, ಯಾವುದಾದ ಮೇಲೆ ಯಾವುದು ಎಂದು ಹೇಳುವವರು ಬೇಕು, ಅಷ್ಟೇ.

ಮೊದಲ ಹೆಜ್ಜೆಗೆ ಖರ್ಚೂ ಇಲ್ಲ. ದಾವಣಗೆರೆಯಲ್ಲಿ ಡಿಸ್ಚಾರ್ಜ್ ಆದ ದಿನವೇ ಆ ಕಾಗದದ ಒಂದು ಪ್ರತಿ ರೋಗಿಯ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೊಬೈಲಿಗೆ ಬರಲಿ. 'ಫಿಸಿಯೊಥೆರಪಿ ಮಾಡಿಸಿ' ಎಂಬ ಸಾಲಿನ ಪಕ್ಕದಲ್ಲಿ ಅವರ ಹೆಸರು, ಫೋನ್ ನಂಬರ್ ಇರಲಿ.