ಅಕ್ಕಡಿ ಸಾಲೂ ಒಂದು ವಿದ್ಯೆಯೇ

ವಿದ್ಯಾವಂತನೆಂದರೆ ಯಾರು? ಪದವಿಪತ್ರ ಪಡೆದವನು ಎಂಬುದು ಲೋಕದ ಉತ್ತರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಆ ಹೆಮ್ಮೆ ನನಗುಂಟು. ಆದರೂ ಹೊಲದ ಬದುವಿನ ಮೇಲೆ ನಿಂತಾಗ, ಅಪ್ಪನಿಗೆ ತಿಳಿದಿರುವ ವಿದ್ಯೆಗೆ ನಮ್ಮ ಪಠ್ಯಕ್ರಮದಲ್ಲಿ ಸ್ಥಾನವೇಕಿಲ್ಲ ಎಂಬ ಪ್ರಶ್ನೆ ಏಳದಿರುವುದಿಲ್ಲ.

ರಾಗಿಯ ಹೊಲವನ್ನೇ ತೆಗೆದುಕೊಳ್ಳಿ. ಹಳೆಯ ಮೈಸೂರು ಸೀಮೆಯ ರೈತರು ರಾಗಿಯೊಂದನ್ನೇ ಬಿತ್ತಿದವರಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ ತೊಗರಿಗಳ ಬೇರುಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ಮಣ್ಣಿಗೂ ಒದಗಿಸುತ್ತವೆ. ತೊಗರಿಯ ಬೇರು ಆಳಕ್ಕಿಳಿದು ರಾಗಿಗೆ ಎಟುಕದ ತೇವವನ್ನು ಹೀರುತ್ತದೆ. ಹುಚ್ಚೆಳ್ಳಿನ ಹೂವು ಜೇನನ್ನು ಕರೆಯುತ್ತದೆ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಉಳಿಯುತ್ತದೆ. ಮುದ್ದೆಗೆ ಹಿಟ್ಟು, ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ, ದನಕ್ಕೆ ಮೇವು, ಎಲ್ಲವೂ ಒಂದೇ ಹೊಲದಿಂದ!

ಬೆಳೆದದ್ದನ್ನು ಕಾಪಾಡುವುದೂ ಒಂದು ಕಲೆ. ನೆಲದೊಳಗಿನ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಅದರೊಳಗೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಪ್ರಾಣವಾಯು ಸಾಲದೆಂದು ಅರ್ಥ. ಪ್ರಯೋಗಶಾಲೆಯನ್ನು ಕಾಣದವರ ವಿಜ್ಞಾನವಿದು.

“ಮಣ್ಣಿನ ಕೆಲಸ ನಮ್ಮ ತಲೆಗೇ ಸಾಕು ಅಂತಲ್ಲವೇ ನಿನ್ನನ್ನು ಓದಿಸಿದ್ದು?” ಎಂದು ಅಪ್ಪ ಕೇಳುತ್ತಾರೆ. ಆ ಮಾತಿನ ಹಿಂದಿನ ದಣಿವನ್ನು ನಾನು ಬಲ್ಲೆ. ಹಳೆಯದೆಲ್ಲ ಚಿನ್ನವೆಂಬುದು ನನ್ನ ವಾದವಲ್ಲ. ಹಳೆಯ ಕಸುಬುಗಳಿಗೆ ಜಾತಿಯ ಕಟ್ಟಿತ್ತು. ಹುಟ್ಟಿನಿಂದಲೇ ಹೊರಿಸಿದ ದುಡಿಮೆಯಿತ್ತು. ಆ ಕಟ್ಟು ಅಳಿಯಲಿ, ಕಸುಬು ಉಳಿಯಲಿ. ಯಾರ ಮನೆಯ ಮಗನಾಗಲಿ, ಮಗಳಾಗಲಿ, ಇಷ್ಟಪಟ್ಟು ಕಲಿಯುವಂತಾಗಲಿ. 2019ರಲ್ಲಿ ನಿಧನರಾದ ಎಲ್. ನಾರಾಯಣ ರೆಡ್ಡಿಯವರು ದೊಡ್ಡಬಳ್ಳಾಪುರದ ಬಳಿಯ ತಮ್ಮ ತೋಟವನ್ನೇ ಸಾವಯವ ಕೃಷಿಯ ಪಾಠಶಾಲೆಯನ್ನಾಗಿ ಮಾಡಿದ್ದರು. ಅಂತಹ ಕಲಿಕೆ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಧಾನ್ಯಕ್ಕೇನೋ ಮರ್ಯಾದೆ ಬಂದಿತು. ಅದನ್ನು ಬಿತ್ತಬಲ್ಲ ಕೈಗೆ ಬಂದಿತೇ?

ಆದುದರಿಂದ ನನ್ನದೊಂದು ಸಲಹೆ. ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ ಏಳು ದಿನಗಳದು. ನಾವು ಹಳ್ಳಿಗೆ ಹೋಗಿ ಬೀದಿ ಗುಡಿಸುತ್ತೇವೆ, ಶುಚಿತ್ವದ ಮೇಲೆ ಭಾಷಣ ಮಾಡುತ್ತೇವೆ, ಒಳ್ಳೆಯದೇ. ಆದರೆ ಆ ಏಳರಲ್ಲಿ ಎರಡು ದಿನವಾದರೂ ಹಳ್ಳಿಯವರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳೋಣ. ಬಿತ್ತನೆಯ ಬೀಜಕ್ಕೆ ಬೂದಿ ಬೆರೆಸಿ ಕಾಪಾಡುವ ತಾಯಂದಿರನ್ನು, ಕೂರಿಗೆ ಹಿಡಿದ ಹಿರಿಯರನ್ನು ಕಾಲೇಜಿಗೂ ಕರೆಯೋಣ. ಇತರ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನವನ್ನು ಅವರಿಗೂ ಕೊಡೋಣ. ಕೇಳಿದ್ದನ್ನು ಬರೆದಿಡಲು ಈ ಸಂಚಿಕೆಯಲ್ಲಿ ವರ್ಷಕ್ಕೆ ನಾಲ್ಕು ಪುಟಗಳಾದರೂ ಮೀಸಲಾಗಲಿ.

ಗೆಳೆಯರೇ, ಪುಸ್ತಕದ ವಿದ್ಯೆ ಗ್ರಂಥಾಲಯದಲ್ಲಿ ನಮಗಾಗಿ ಕಾದಿರುತ್ತದೆ. ಈ ವಿದ್ಯೆ ಇರುವುದು ಎಪ್ಪತ್ತು ದಾಟಿದವರ ಕೈಯಲ್ಲಿ. ಅವರು ಎಷ್ಟು ದಿನ ಕಾದಾರು?