ಚಿತ್ರಫಲಕ ಕೊಟ್ಟರೆ ಸಾಲದು, ಮಾತು ಕಲಿಸಿ

ಮಾತು ಬಾರದ ಮಕ್ಕಳಿಗೆ, ಚಿತ್ರ ಮುಟ್ಟಿ ಬೇಕಾದ್ದನ್ನು ಹೇಳಲೆಂದು, ಚಿತ್ರಫಲಕವನ್ನೋ ಟ್ಯಾಬ್ಲೆಟನ್ನೋ ಕೊಟ್ಟು ಕೈತೊಳೆದುಕೊಳ್ಳುವ ಪರಿಪಾಠ ನಮ್ಮ ಶಾಲೆಗಳಲ್ಲಿ ನಿಲ್ಲಬೇಕು. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಪಾಠ ಹೇಳುವವಳಾಗಿ ಬರೆಯುತ್ತಿದ್ದೇನೆ. ನಾನು ನೋಡಿದ ಬಹಳಷ್ಟು ಫಲಕಗಳಲ್ಲಿ ನೀರು, ಊಟ, ಶೌಚಾಲಯ ಇಷ್ಟೇ. ಬೇಡ, ಇನ್ನೂ, ಯಾಕೆ, ನಂದು, ಆಮೇಲೆ ಇವೆಲ್ಲ ಇಲ್ಲದೆ ಮಗು ಹಟ ಹಿಡಿಯುವುದು ಹೇಗೆ, ಜಗಳವಾಡುವುದು ಹೇಗೆ? ನಮ್ಮ ತರಗತಿಯ ಹುಡುಗನೊಬ್ಬ ‘ಬೇಡ’ ಸಿಕ್ಕಿದ ವಾರವಿಡೀ ಉಪ್ಪಿಟ್ಟಿನ ತಟ್ಟೆಯಿಂದ ಹಿಡಿದು ಲೆಕ್ಕದ ಪುಸ್ತಕದವರೆಗೆ ಎಲ್ಲಕ್ಕೂ ಅದನ್ನೇ ಒತ್ತಿದ. ಅದನ್ನು ತಂಟೆ ಎಂದು ಬೈದವರೂ ಇದ್ದರು. ನನಗಂತೂ ಹಬ್ಬವಾಗಿತ್ತು.

‘ಸೇಬು ತೋರಿಸು’ ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿದರೆ ಭಾಷೆ ಬರುವುದಿಲ್ಲ. ನಾವು ಮಾತಾಡುವಾಗಲೇ ಅದೇ ಫಲಕದ ಚಿತ್ರಗಳನ್ನು ಮುಟ್ಟುತ್ತಾ ಹೋಗಬೇಕು. ಮಗುವಿನ ಸರದಿ ಬಂದಾಗ ಸುಮ್ಮನೆ ಕಾಯಬೇಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಹೋಗು’ ಚಿತ್ರವೊಂದೇ ಇದ್ದರೆ ಹೋದೆ, ಹೋಗಲ್ಲ, ಹೋಗೋಣ ಎನ್ನಲು ದಾರಿಯೇ ಇಲ್ಲ. ಪ್ರತ್ಯಯಗಳಿಗೂ ಫಲಕದಲ್ಲಿ ಜಾಗ ಬೇಕು; ಇಂಗ್ಲಿಷ್ ಫಲಕದ ಮೇಲೆ ಕನ್ನಡ ಚೀಟಿ ಅಂಟಿಸಿದರೆ ಆಗದು.

ಫಲಕ ಕೊಟ್ಟರೆ ಬರುವ ಮಾತೂ ನಿಂತೀತು ಎಂಬ ಪೋಷಕರ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು ಇಂಥ ಫಲಕಗಳಂತಹ ಪರ್ಯಾಯ ಸಂವಹನ ವಿಧಾನಗಳನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರದ ಮೇಲೇ ಹೊರಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರಿಣತಿ ನಮ್ಮಲ್ಲೇ ಇರುವಾಗ, ಡಿ.ಎಡ್., ಬಿ.ಎಡ್. ಹಂತದಲ್ಲೇ ಎಲ್ಲ ಶಿಕ್ಷಕರಿಗೂ ಫಲಕದ ಮೂಲಕ ಮಾತು ಕಲಿಸುವ ತರಬೇತಿ ಕೊಡಿಸಲು ಶಿಕ್ಷಣ ಇಲಾಖೆ ಮುಂದಾಗಲಿ.

– ವಿಶೇಷ ಶಿಕ್ಷಕಿ, ತುಮಕೂರು